ನಮ್ ನಾಯಿ ಏನ್ ಮಾಡಂಗಿಲ್ರಿ

ಯಾಪಲದಿನ್ನಿಯ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿ, ಮಾನ್ವಿಯಲ್ಲಿ ಕೇಳಿ, ದೇವದುರ್ಗದಲ್ಲಿ ಕೇಳಿ, ರಾಯಚೂರಿನ ಹೊಸ ಬಡಾವಣೆಯಲ್ಲಿ ದುಬಾರಿ ತಳಿಯ ನಾಯಿ ಕಟ್ಟಿಕೊಂಡವರನ್ನು ಬೇಕಾದರೂ ಕೇಳಿ. ಬಾಗಿಲ ಹೊರಗೆ ಹಿಂಜರಿದು ನಿಂತ ನೆಂಟರಿಗೆ ಸಿಗುವ ಉತ್ತರ ಒಂದೇ: ‘ಬರ್ರಿ ಒಳಗ, ನಮ್ ನಾಯಿ ಏನ್ ಮಾಡಂಗಿಲ್ರಿ.’ ಬಂದವರು ದೊಡ್ಡವರಾಗಿದ್ದರೆ ಇದು ಬರಿಯ ಉಪಚಾರದ ಮಾತು. ಅವರಿಗೆ ಓಡಲು ಕಾಲಿದೆ, ಗದರಿಸಲು ಬಾಯಿದೆ. ಆದರೆ ಬಾಗಿಲಲ್ಲಿ ನಿಂತಿರುವುದು ತವರಿನಿಂದ ತೊಟ್ಟಿಲ ಸಮೇತ ಬಂದ ಬಾಣಂತಿ, ಅವಳ ಮಡಿಲಲ್ಲಿ ಐದು ತಿಂಗಳ ಕೂಸು ಎಂದಾಗಲೂ ಮನೆಮಂದಿ ಅದೇ ಮಾತಾಡುತ್ತಾರೆ. ಈ ಮಾತಿಗೊಂದು ಸವತಿಯೂ ಇದೆ: ‘ಕೂಸು ಬರೂದೈತಿ, ನಾಯಿನ ಎಲ್ಲಾರ ದೂರ ಬಿಟ್ಟು ಬರ್ರಿ.’ ಒಂದು ಮನೆಯಲ್ಲಿ ಮಗ ಮೊದಲನೆಯದನ್ನು ಹೇಳುತ್ತಾನೆ, ತಾಯಿ ಎರಡನೆಯದನ್ನು. ಜಗಳ ನಡೆಯುತ್ತದೆ. ಎರಡೂ ಎದುರುಬದುರು ನಿಂತಂತೆ ಕಾಣುವುದರಿಂದ ಎರಡರ ಬೇರು ಒಂದೇ ಎಂಬುದು ಯಾರಿಗೂ ಹೊಳೆಯುವುದಿಲ್ಲ. ನಾಯಿಗೆ ಹುಟ್ಟಿನಿಂದ ಬಂದ ಒಂದು ಗುಣವಿದೆ, ಅದು ಒಳ್ಳೆಯದಾದರೆ ಏನೂ ಮಾಡಬೇಕಿಲ್ಲ, ಕೆಟ್ಟದ್ದಾದರೆ ಏನು ಮಾಡಿದರೂ ಅಷ್ಟೆ: ಇಬ್ಬರೂ ನಂಬಿರುವುದು ಇದನ್ನೇ. ಈ ನಂಬಿಕೆ ತಪ್ಪು. ಕೂಸು ಮತ್ತು ನಾಯಿ ಒಂದೇ ಸೂರಿನಡಿ ಕ್ಷೇಮವಾಗಿರುವುದು ನಾಯಿಯ ಗುಣಕ್ಕಿಂತ ಹೆಚ್ಚಾಗಿ ಮನೆಯ ಏರ್ಪಾಡಿಗೆ ಸೇರಿದ ವಿಷಯ. ಆ ಏರ್ಪಾಡಿಗೆ ಬೇಕಾದ ಕಾಲಾವಕಾಶವನ್ನು ನಮ್ಮ ಕಡೆಯ ಸಂಪ್ರದಾಯವೇ ಒದಗಿಸಿಕೊಟ್ಟಿದೆ. ನಾವು ಅದನ್ನು ಪೋಲು ಮಾಡುತ್ತಿದ್ದೇವೆ.

2025ರ ಆಗಸ್ಟ್ 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಕೇಂದ್ರಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು, 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ಆಗ ದೇಶವೆಲ್ಲ ನಾಯಿಯ ಬಗ್ಗೆ ಮಾತಾಡಿತು. ಹೋಟೆಲಿನ ಚಹಾದ ಮುಂದೆಯೂ ಅದೇ ಮಾತು, ಟಿವಿಯಲ್ಲೂ ಅದೇ. ಅಷ್ಟು ಗದ್ದಲದಲ್ಲಿ ಸದ್ದಿಲ್ಲದೆ ಪಾರಾದದ್ದು ಮನೆಯ ನಾಯಿ. ಅಪಾಯವೆಂದರೆ ಬೀದಿಯದು, ಮನೆಯದು ಮಗುವಿದ್ದಂತೆ ಎಂಬ ಗೆರೆ ಇನ್ನಷ್ಟು ದಪ್ಪವಾಯಿತು. ಬೀದಿನಾಯಿಯಿಂದ ಅಪಾಯವಿಲ್ಲವೆಂದು ಯಾರೂ ಹೇಳಲಾರರು. ಆದರೆ ಇನ್ನೂ ನಡೆಯಲು ಬಾರದ ಕೂಸು ಬೀದಿಗೆ ಹೋಗುವುದಿಲ್ಲ. ಅದು ನಾಯಿಯನ್ನು ಎದುರಾಗುವುದು ತನ್ನದೇ ಪಡಸಾಲೆಯಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ಮಕ್ಕಳನ್ನು ಕಚ್ಚಿ ಚಿಕಿತ್ಸೆಗೆ ಬಂದ 103 ನಾಯಿಗಳ ಚರಿತ್ರೆಯನ್ನು 2007ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಶೇ 66ರಷ್ಟು ನಾಯಿಗಳು ಅದಕ್ಕೆ ಮುಂಚೆ ಯಾವ ಮಗುವನ್ನೂ ಕಚ್ಚಿದವಲ್ಲ. ಶೇ 19ರಷ್ಟು ಯಾವ ಮನುಷ್ಯರನ್ನೂ ಕಚ್ಚಿದವಲ್ಲ. ಅಂದರೆ ಕಚ್ಚುವ ಹಿಂದಿನ ದಿನ ಆ ಮನೆಗಳಿಗೆ ಹೋಗಿದ್ದರೆ ಅಲ್ಲಿಯೂ ನಮಗೆ ಕೇಳುತ್ತಿದ್ದುದು ಅದೇ ವಾಕ್ಯ. ಪರಿಚಯದ ಮಕ್ಕಳನ್ನು ಅವು ಕಚ್ಚಿದ್ದು ಎಲ್ಲಕ್ಕಿಂತ ಹೆಚ್ಚಾಗಿ ತಿನಿಸನ್ನೋ ತಮ್ಮದೆಂದುಕೊಂಡ ವಸ್ತುವನ್ನೋ ಕಾಯುವಾಗ. ಅದು ಅಮೆರಿಕದ ಲೆಕ್ಕ, ಅದೂ ತೊಂದರೆ ಕೊಟ್ಟು ಆಸ್ಪತ್ರೆ ಸೇರಿದ ನಾಯಿಗಳದು, ನಮ್ಮ ಹಳ್ಳಿಯ ನಾಯಿ ಬೇರೆ ಎನ್ನುವವರಿದ್ದಾರೆ. ಬೇರೆ ನಿಜ. ಅಲ್ಲಿಯ ನಾಯಿಗೆ ದಿನಕ್ಕೆರಡು ಹೊತ್ತು ಅಳೆದು ಹಾಕುತ್ತಾರೆ. ಇಲ್ಲಿಯದು ಮನೆಮಂದಿ ಉಂಡು ಉಳಿದ ಒಂದು ಜೋಳದ ರೊಟ್ಟಿಗಾಗಿ ಹೊಸಿಲ ಬಳಿ ಕಾಯುತ್ತದೆ. ತಿನಿಸನ್ನು ಕಾಪಾಡಿಕೊಳ್ಳುವ ಹಟ ಯಾವುದಕ್ಕೆ ಹೆಚ್ಚಿದ್ದೀತೆಂದು ಊಹಿಸಲು ಪಶುವೈದ್ಯರು ಬೇಕಿಲ್ಲ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯೂ ಇಲ್ಲಿ ಕೆಡುಕನ್ನೇ ಮಾಡುತ್ತಿದೆ. ಬೊಗಳುವ ನಾಯಿ ಕಚ್ಚುತ್ತದೆ. ಗುರ್ ಎನ್ನುವ ನಾಯಿ ಕಚ್ಚುವ ಮೊದಲು ಒಂದು ಅವಕಾಶ ಕೊಡುತ್ತಿದೆ, ಅಷ್ಟೆ. ಅದಕ್ಕೂ ಮುಂಚೆ ಅದು ಸಣ್ಣ ಸಣ್ಣ ಮಾತುಗಳನ್ನು ಆಡಿಯಾಗಿರುತ್ತದೆ: ತುಟಿ ನೆಕ್ಕುತ್ತದೆ, ನಿದ್ದೆಯಿಲ್ಲದಿದ್ದರೂ ಆಕಳಿಸುತ್ತದೆ, ಮುಖ ಬೇರೆ ಕಡೆ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣು ಮಾಡುತ್ತದೆ, ಕಲ್ಲಿನಂತೆ ಬಿಗಿದು ನಿಲ್ಲುತ್ತದೆ. ಇವನ್ನು ನಾವು ಗಮನಿಸುವುದಿಲ್ಲ. ಗುರ್ ಎಂದಾಗ ಮಾತ್ರ ಗಮನಿಸುತ್ತೇವೆ, ಗಮನಿಸಿ ಕೋಲು ತೆಗೆದುಕೊಳ್ಳುತ್ತೇವೆ. ಕೂಸಿನ ಮುಂದೆ ಗುರ್ ಎಂದದ್ದಕ್ಕೆ ನಾಲ್ಕು ಏಟು ತಿಂದ ನಾಯಿ ಒಂದು ಪಾಠ ಕಲಿಯುತ್ತದೆ. ಕೂಸಿನ ಮೇಲೆ ಪ್ರೀತಿ ಇಡುವ ಪಾಠವಲ್ಲ ಅದು. ಎಚ್ಚರಿಕೆ ಕೊಡಬಾರದು ಎಂಬ ಪಾಠ. ಮುಂದಿನ ಸಲ ಅದು ನೇರವಾಗಿ ಕಚ್ಚಿದಾಗ ‘ಸುಮ್ಮ ಸುಮ್ಮನ ಕಡೀತು ನೋಡ್ರಿ’ ಎನ್ನುತ್ತೇವೆ. ಕನ್ನಡದಲ್ಲಿ ಬೈದರೇನು, ಗದ್ವಾಲ ಕಡೆಯಿಂದ ಬಂದ ಸೊಸೆ ತೆಲುಗಿನಲ್ಲಿ ಬೈದರೇನು, ನಾಯಿ ತಿಳಿದುಕೊಳ್ಳುವುದು ಇಷ್ಟನ್ನೇ. ಇನ್ನು ಕೂಸಿನ ಕಡೆಯಿಂದ ನೋಡಿದರೆ ಮಾತು ಮತ್ತೂ ಕಠಿಣ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕರ್ಸ್ಟಿನ್ ಮೈಂಟ್ಸ್ ಮತ್ತವರ ಸಂಗಡಿಗರು ಪುಟ್ಟ ಮಕ್ಕಳಿಗೆ ಹಲ್ಲು ಕಿರಿದ ನಾಯಿಯನ್ನು ತೋರಿಸಿದಾಗ ಎಷ್ಟೋ ಮಕ್ಕಳು ಅದು ನಗುತ್ತಿದೆ ಎಂದುಕೊಂಡವು. ಮೂರು ನಾಲ್ಕು ವರ್ಷದ ಮಕ್ಕಳ ಪಾಡೇ ಇದು. ಅಂಬೆಗಾಲಿನ ಕೂಸಿಗೆ ನಾಯಿಯೂ ಒಂದೇ, ಗಿಲಕಿಯೂ ಒಂದೇ. ಬಾಲ ಸಿಕ್ಕರೆ ಬಾಲ, ಕಿವಿ ಸಿಕ್ಕರೆ ಕಿವಿ.

ಸಾಕುಪ್ರಾಣಿಯ ನಿಷ್ಠೆಗೆ ನಾವು ಮೊದಲು ತೆಗೆಯುವ ಸಾಕ್ಷಿ ಪಂಚತಂತ್ರದ ಮುಂಗುಸಿ. ತೊಟ್ಟಿಲ ಕೂಸನ್ನು ಹಾವಿನಿಂದ ಕಾಪಾಡಿ, ರಕ್ತದ ಬಾಯಿಯಲ್ಲಿ ಬಾಗಿಲಿಗೆ ಬಂದು, ನೀರಿನ ಕೊಡದ ಪೆಟ್ಟಿಗೆ ಸತ್ತ ಮುಂಗುಸಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ದುಡುಕಬಾರದು ಎಂಬುದನ್ನು ಅದರಿಂದ ಕಲಿತೆವು. ಆದರೆ ಕೂಸನ್ನು ಮುಂಗುಸಿಯ ವಶಕ್ಕೆ ಬಿಟ್ಟು ದೊಡ್ಡವರೆಲ್ಲ ಎಲ್ಲಿಗೆ ಹೋಗಿದ್ದರು ಎಂದು ಯಾವ ಮೇಷ್ಟ್ರೂ ಕೇಳಲಿಲ್ಲ. ಆ ತಾಯಿ ದುಡುಕಿದ್ದೇಕೆ? ಮುಂಗುಸಿಯ ಮೇಲೆ ಅವಳಿಗಿದ್ದ ನಂಬಿಕೆ ರಕ್ತ ಕಂಡ ಗಳಿಗೆಯಲ್ಲೇ ಕರಗುವಷ್ಟು ತೆಳುವಾಗಿತ್ತು. ಪೂರಾ ನಂಬಿಕೆ ಮತ್ತು ಪೂರಾ ಅಪನಂಬಿಕೆ ಒಂದೇ ಮನಸ್ಸಿನಲ್ಲಿ ಅಕ್ಕಪಕ್ಕದಲ್ಲೇ ಮಲಗಿರುತ್ತವೆ; ಮೇಲೆ ಹೇಳಿದ ತಾಯಿ ಮಗನ ಜಗಳವೂ ಅದೇ. ಇನ್ನು ದೇವರ ಸಾಕ್ಷಿ. ಪಕ್ಕದ ಯಾದಗಿರಿ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಗೆ ಸೇರುವ ಜಾತ್ರೆ ಮೈಲಾರಲಿಂಗನದು, ಮೈಲಾರನ ಸಂಗಾತಿ ನಾಯಿ, ಅವನ ಗೊರವರು ನಾಯಿಯ ಹಾಗೆ ದೋಣಿಗೆ ಬಾಯಿಟ್ಟು ಹಾಲು ಕುಡಿಯುವುದುಂಟು. ಹಾಗಿರುವಾಗ ನಾಯಿಯನ್ನು ಅನುಮಾನದಿಂದ ನೋಡುವುದೇ ಪಾಪ ಎಂಬ ಭಾವ ನಮ್ಮ ಕಡೆ ಇದೆ. ಒಪ್ಪೋಣ. ಆದರೆ ಗೊರವರು ನಾಯಿಯಂತೆ ನಡೆದುಕೊಳ್ಳುವುದು ದೀಕ್ಷೆ ಪಡೆದ ಮೇಲೆ, ನೇಮದಿಂದ. ಮನುಷ್ಯ ನಾಯಿಯಾಗಲು ಇಷ್ಟು ಸಿದ್ಧತೆ ಬೇಕಾದರೆ, ನಾಯಿಯು ಕೂಸಿರುವ ಮನೆಯ ಸದಸ್ಯನಾಗಲು ಸಿದ್ಧತೆಯೇ ಬೇಡವೇ?

ಸಿದ್ಧತೆಯ ಬಗ್ಗೆ ಬೇರೆ ದೇಶದವರು ಬರೆದ ಪುಸ್ತಕಗಳು ಇಲ್ಲಿ ಅರ್ಧಕ್ಕರ್ಧ ಉಪಯೋಗಕ್ಕೆ ಬಾರವು. ಅವುಗಳಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಆಸ್ಪತ್ರೆಯಿಂದ ಮೂರನೆಯ ದಿನ ಕೂಸು ಅದೇ ಮನೆಗೆ ಬರುತ್ತದೆ. ನಮ್ಮಲ್ಲಿ ಹಾಗಿಲ್ಲ. ಐದನೆಯ ತಿಂಗಳಲ್ಲೋ ಏಳನೆಯ ತಿಂಗಳಲ್ಲೋ ಕುಬಸವಾಗುತ್ತದೆ. ಮೊದಲ ಹೆರಿಗೆ ತವರಲ್ಲಿ. ಬಾಣಂತನ ಮುಗಿಸಿಕೊಂಡು ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ತೊಟ್ಟಿಲು, ಬಟ್ಟೆಬರೆ, ಬೀಗರು, ಸಡಗರ ಎಲ್ಲವನ್ನೂ ಕಟ್ಟಿಕೊಂಡು ಸೊಸೆ ಗಂಡನ ಮನೆಗೆ ಮರಳುತ್ತಾಳೆ. ಇದನ್ನು ಗಂಡನ ಮನೆಯ ನಾಯಿಯ ಕಣ್ಣಿನಿಂದ ನೋಡಿ. ರೊಟ್ಟಿ ಹಾಕುತ್ತಿದ್ದವಳು ಒಂದು ದಿನ ಮಾಯವಾದಳು. ಆರೇಳು ತಿಂಗಳು ಮನೆ ಅದೇ ಹಳೆಯ ಮನೆ. ಆಮೇಲೆ ಒಂದು ಬೆಳಿಗ್ಗೆ ಟೆಂಪೋ ತುಂಬ ಜನ, ಗಲಾಟೆ, ನಾಯಿಯನ್ನು ಹಿಂದೆ ಕಟ್ಟಿಹಾಕು ಎಂಬ ಕೂಗು. ಸಂಜೆ ಬಿಟ್ಟಾಗ ಪಡಸಾಲೆಯಲ್ಲಿ ಅಳುವ, ಕೈಕಾಲು ಬಡಿಯುವ, ಹೊಸ ವಾಸನೆಯ ಒಂದು ಜೀವ, ಅದರ ಹತ್ತಿರ ಹೋದರೆ ಎಲ್ಲರ ಬಾಯಲ್ಲೂ ಹಚಾ ಹಚಾ. ದಿನದಿನವೂ ಕೂಸಿನ ಬೆಳವಣಿಗೆ ಕಾಣುವ ಭಾಗ್ಯ ಪರದೇಶದ ನಾಯಿಗಾದರೂ ಇದೆ. ನಮ್ಮದಕ್ಕೆ ಐದು ತಿಂಗಳ ಗಟ್ಟಿ ಗಂಟಲಿನ ಕೂಸು ಒಮ್ಮೆಲೇ ಎದುರಿಗೆ. ಇದು ನಮ್ಮ ಪದ್ಧತಿಯ ಕಷ್ಟದ ಮುಖ. ಅದಕ್ಕೆ ಮತ್ತೊಂದು ಮುಖವಿದೆ: ಕುಬಸದಿಂದ ತೊಟ್ಟಿಲವರೆಗಿನ ಅಷ್ಟೂ ತಿಂಗಳು, ಮನೆಯಲ್ಲಿ ಕೂಸಿಲ್ಲದ ಕಾರಣ ಯಾವ ಅಪಾಯವೂ ಇಲ್ಲದೆ, ನಾಯಿಗೆ ಹೊಸ ರೂಢಿ ಹಾಕಬಹುದು. ಆ ಪುಸ್ತಕಗಳ ಗಂಡ ಹೆಂಡಿರಿಗೆ ಸುಲಭಕ್ಕೆ ಸಿಗದ ಬಿಡುವು ಇದು. ತವರುಮನೆಗೆ ಇಷ್ಟು ಬಿಡುವಿಲ್ಲ, ಅವರು ಕುಬಸಕ್ಕೆ ಮುಂಚೆಯೇ ಶುರುಮಾಡಬೇಕು.

ಆ ತಿಂಗಳುಗಳಲ್ಲಿ ಮಾಡಬೇಕಾದದ್ದು ದೊಡ್ಡದೇನೂ ಅಲ್ಲ. ನಾಯಿ ಉಣ್ಣುವ ಜಾಗವನ್ನು ಹೊಸಿಲಿನಿಂದ ಎತ್ತಿ ಕೂಸು ಎಂದೂ ಹರಿದು ಹೋಗಲಾರದ ಕಡೆಗೆ, ಹಿತ್ತಲಿಗೋ ಎತ್ತರದ ಕಟ್ಟೆಗೋ ಬದಲಿಸುವುದು ಮೊದಲ ಕೆಲಸ. ಒಂದು ಗೋಣಿತಟ್ಟು ಹಾಸಿ, ಅದರ ಮೇಲೆ ಕುಳಿತರೆ ಮಾತ್ರ ತಿನಿಸು ಎಂದು ರೂಢಿ ಮಾಡಿಸಿದರೆ ಅದೇ ನಾಯಿಯ ಜಾಗವಾಗುತ್ತದೆ. ತೊಟ್ಟಿಲು ಕಟ್ಟುವ ಕೋಣೆ ಮಾತ್ರ ಅದರದಲ್ಲ ಎಂಬುದನ್ನು ಈಗಿನಿಂದಲೇ ತಿಳಿಸಬೇಕು, ಕೂಸು ಬಂದ ದಿನ ತಿಳಿಸಿದರೆ ಆ ದಂಡನೆ ಕೂಸಿನ ಲೆಕ್ಕಕ್ಕೆ ಹೋಗುತ್ತದೆ. ತವರಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಕೂಸಿನ ವಿಡಿಯೊಗಳು ದಿನಾ ಬರುತ್ತವೆ, ಅಪ್ಪನಾದವನು ಹತ್ತು ಸಲ ನೋಡುತ್ತಾನೆ. ಅದರ ಅಳುವನ್ನು ಮೊದಲು ಸಣ್ಣ ದನಿಯಲ್ಲಿ, ಬರಬರುತ್ತ ದೊಡ್ಡದಾಗಿ ಹಚ್ಚಿ, ಹಚ್ಚಿದಾಗಲೆಲ್ಲ ನಾಯಿಗೆ ಒಂದು ತುಣುಕು ರೊಟ್ಟಿ ಹಾಕಿದರೆ, ಅಳು ಎಂದರೆ ರೊಟ್ಟಿ ಎಂದು ಅದು ತಿಳಿಯುತ್ತದೆ. ಕೂಸಿನ ಬಟ್ಟೆ ತಂದು ಮೂಸಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದು ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಸಲಹೆ ಮಾತ್ರ ಶಾಂತಿ ಮಾಡಿಸಿದ ಹಾಗೆ, ಮನೆಯವರ ಮನಸ್ಸಿಗೆ ಸಮಾಧಾನ. ಮೂಸಿಸಿ, ತಪ್ಪಿಲ್ಲ, ಆದರೆ ವಾಸನೆಯ ಗುರುತು ಬೇರೆ, ಬಾಲ ಎಳೆದಾಗ ತಾಳಿಕೊಳ್ಳುವುದು ಬೇರೆ. ಕೂಸು ಬಂದ ಮೇಲೆ ಎಲ್ಲ ಮನೆಗಳೂ ಮಾಡುವ ಒಂದು ತಪ್ಪಿದೆ, ಒಳ್ಳೆಯ ಮನಸ್ಸಿನಿಂದಲೇ. ಕೂಸು ಎಚ್ಚರವಿರುವಾಗ ನಾಯಿಯನ್ನು ಓಡಿಸುತ್ತಾರೆ, ಕೂಸು ಮಲಗಿದ ಮೇಲೆ ‘ಪಾಪ’ ಎಂದು ಕರೆದು ಮೈದಡವಿ ತಿನ್ನಿಸುತ್ತಾರೆ. ನಾಯಿ ಲೆಕ್ಕ ಹಾಕುತ್ತದೆ: ಈ ಜೀವ ಕಣ್ಣು ಬಿಟ್ಟರೆ ನನಗೆ ನಷ್ಟ, ಕಣ್ಣು ಮುಚ್ಚಿದರೆ ಲಾಭ. ಇದನ್ನು ತಿರುವುಮುರುವು ಮಾಡಬೇಕು. ಕೂಸು ಪಡಸಾಲೆಗೆ ಬಂದಾಗಲೇ ದೂರದ ಗೋಣಿತಟ್ಟಿನ ಮೇಲೆ ನಾಯಿಗೆ ಒಳ್ಳೆಯದು ಸಿಗಬೇಕು. ಇಷ್ಟೆಲ್ಲ ಗೋಜು ಏಕೆ, ಸರಪಳಿ ಹಾಕಿ ಕಟ್ಟಿದರಾಯಿತು ಎನ್ನುವವರಿಗೆ ಡೆನ್ವರ್ ನಗರದಿಂದ 1994ರಲ್ಲಿ ಬಂದ ಅಧ್ಯಯನವನ್ನು ನೆನಪಿಸಬೇಕು. ಹೊರಗಿನವರನ್ನು ಮೊದಲ ಬಾರಿಗೆ ಕಚ್ಚಿದ ನಾಯಿಗಳನ್ನು ಕಚ್ಚದ ನಾಯಿಗಳ ಜತೆ ಅಲ್ಲಿ ಹೋಲಿಸಿದಾಗ, ಕಟ್ಟಿಹಾಕಿದ ನಾಯಿ ಕಚ್ಚಿದ ಗುಂಪಿನಲ್ಲಿರುವ ಸಂಭವ 2.8 ಪಟ್ಟು ಹೆಚ್ಚೆಂದು ಕಂಡಿತು. ಗಳಿಗೆ ಹೊತ್ತು ಕಟ್ಟುವುದು ಬೇರೆ. ಹಗಲಿರುಳು ಕಟ್ಟಿದ ನಾಯಿಗೆ ಓಡಿಹೋಗುವ ದಾರಿಯಿಲ್ಲ, ಅದಕ್ಕೆ ಉಳಿಯುವುದು ಹಲ್ಲೊಂದೇ.

‘ನಮ್ಮ ಹಿರೇರು ಇದನ್ನೆಲ್ಲ ಮಾಡಿದ್ರೇನು? ನಾಯಿ, ಎಮ್ಮಿ, ಆಡು, ಹುಡುಗ್ರು ಒಂದ ಅಂಗಳದಾಗ ಬೆಳದ್ವು’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಅದು ಬಿಡುವಂಥ ಪ್ರಶ್ನೆಯೂ ಅಲ್ಲ. ಹಿರಿಯರು ಸಿದ್ಧತೆ ಎಂಬ ಹೆಸರಿನಿಂದ ಮಾಡಲಿಲ್ಲ, ನಿಜ. ಬೇರೆ ಹೆಸರಿನಿಂದ ಮಾಡಿದರು. ಬಾಣಂತಿಯ ಕೋಣೆಗೆ ಹೊಸಿಲ ಕಟ್ಟುಪಾಡಿತ್ತು. ಬೇವಿನ ಸೊಪ್ಪು, ಕಬ್ಬಿಣದ ತುಂಡು, ಲೋಬಾನದ ಹೊಗೆ, ಗಾಳಿ ಧೂಳಿಯ ಭಯ. ಮೈಲಿಗೆಯೆಂದೋ ದೃಷ್ಟಿಯೆಂದೋ ಆ ಹೊಸಿಲನ್ನು ಕಂಡವರೆಲ್ಲ ದಾಟುವಂತಿರಲಿಲ್ಲ, ನಾಯಿಯಂತೂ ಸರಿಯೇ ಸರಿ. ಕಾರಣ ಏನೇ ಹೇಳಿಕೊಳ್ಳಲಿ, ಕೆಲಸ ಮಾಡಿದ್ದು ಬಾಗಿಲು. ಅಜ್ಜಿ, ಚಿಕ್ಕಮ್ಮ, ನಾದಿನಿ ಎಂದು ಮೂರು ಜೊತೆ ಕಣ್ಣಾದರೂ ತೊಟ್ಟಿಲ ಸುತ್ತ ಇರುತ್ತಿದ್ದವು. ಈಗ ಮೈಲಿಗೆಯ ಮಾತು ಹಿಂದೆ ಸರಿದಿದೆ, ಸರಿಯಬೇಕಾದದ್ದೇ. ಆದರೆ ಅದರ ಜೊತೆ ಹೊಸಿಲೂ ಹೋಯಿತು. ಗುಳೆ ಹೋದ ಮನೆಗಳಲ್ಲಿ ಕೂಸಿನ ಕಾವಲಿಗೆ ಉಳಿದಿರುವುದು ಕಣ್ಣು ಮಂಜಾದ ಒಬ್ಬ ಮುದುಕಿ. ಹಿರಿಯರ ಕಟ್ಟುಪಾಡನ್ನೂ ಬಿಟ್ಟು, ಅವರ ಕಣ್ಣುಗಳನ್ನೂ ಕಳೆದುಕೊಂಡು, ಅವರ ನಿಶ್ಚಿಂತೆಯೊಂದನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ. ಹಿಂದೆ ಯಾವ ಕೂಸನ್ನೂ ನಾಯಿ ಕಚ್ಚಲಿಲ್ಲವೆಂಬ ಮಾತಿಗೆ ಆಧಾರವೇನು ಎಂದೂ ಕೇಳಬೇಕಾಗುತ್ತದೆ. ಗಾಯಕ್ಕೆ ಸುಣ್ಣ, ಅರಿಶಿನ, ಖಾರದ ಪುಡಿ ಮೆತ್ತಿ ಮುಗಿಸಿದ ಕಡಿತಗಳು ಯಾವ ದಾಖಲೆಗೂ ಬರಲಿಲ್ಲ.

ಇದು ಅನುಕೂಲಸ್ಥರ ಶೋಕಿ, ಹೊಲದ ಕೂಲಿಯವಳಿಗೆ ಇದಕ್ಕೆಲ್ಲ ಪುರಸೊತ್ತೆಲ್ಲಿ ಎಂಬ ಆಕ್ಷೇಪವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು. ಹತ್ತಿ ಬಿಡಿಸುವ ಕಾಲದಲ್ಲಿ, ಭತ್ತದ ನಾಟಿಯ ಕಾಲದಲ್ಲಿ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ತಾಯಿ ಸಾಲಿಗೆ ಇಳಿಯುತ್ತಾಳೆ. ಜೋಲಿಯ ಹತ್ತಿರ ಐದಾರು ವರ್ಷದ ಅಕ್ಕ, ನೆರಳಲ್ಲಿ ಬುತ್ತಿಯ ಗಂಟು, ಬುತ್ತಿಯ ಪಕ್ಕ ಮನೆಯಿಂದ ಹಿಂಬಾಲಿಸಿ ಬಂದ ನಾಯಿ. ಅವಳಿಗೆ ನಾಯಿಯ ಮನೋಧರ್ಮದ ಉಪನ್ಯಾಸ ಕೊಡುವುದು ಕ್ರೌರ್ಯ. ಆದರೆ ಸಿದ್ಧತೆ ಎಂದರೆ ತರಬೇತುದಾರನ ಫೀಸು ಎಂದುಕೊಂಡಾಗ ಮಾತ್ರ ಅದು ಶೋಕಿಯಾಗುತ್ತದೆ. ಬುತ್ತಿಯ ಗಂಟನ್ನು ಜೋಲಿಯಿಂದ ದೂರದ ಇನ್ನೊಂದು ಕೊಂಬೆಗೆ ಕಟ್ಟುವುದಕ್ಕೆ, ನಾಯಿಗೆ ಮನೆಯಲ್ಲೇ ಹಾಕಿ ಬರುವುದಕ್ಕೆ, ಅಕ್ಕನಿಗೆ ‘ನಾಯಿ ಉಣ್ಣಾಗ, ಮಲಗಿದಾಗ ಮುಟ್ಟಬ್ಯಾಡ’ ಎಂದು ಹೇಳಿಕೊಡುವುದಕ್ಕೆ ದುಡ್ಡು ಬೀಳುವುದಿಲ್ಲ. ನಿಜವಾಗಿ ಬೇಕಾದದ್ದು ಹೊಲದ ಹತ್ತಿರ ಕೂಸುಗಳನ್ನು ನೋಡಿಕೊಳ್ಳುವ ಒಂದು ಹಿರಿಯ ಜೀವ. ಉದ್ಯೋಗ ಖಾತ್ರಿಯ 2005ರ ಕಾಯ್ದೆಯಲ್ಲೇ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂಬ ಮಾತಿತ್ತು. ಖಾಸಗಿ ಹೊಲಕ್ಕೆ ಅದು ಅನ್ವಯವಾಗಲಿಲ್ಲ. ಅನುಕೂಲಸ್ಥರ ಮನೆಯ ಕೂಸಿಗೆ ಹೇಗೂ ಗೋಡೆಯಿದೆ, ಬಾಗಿಲಿದೆ. ಸಿದ್ಧತೆಯ ಮಾತು ಮೊದಲು ಮುಟ್ಟಬೇಕಾದದ್ದು ಗೋಡೆಯಿಲ್ಲದವರಿಗೆ.

ನಾಯಿಯನ್ನು ದೂರ ಬಿಟ್ಟು ಬರುವವರ ವಾದಕ್ಕೆ ಹೆಚ್ಚು ಹೊತ್ತು ಬೇಡ. ಕೃಷ್ಣೆಯ ಸೇತುವೆಯಾಚೆಗೋ ಹೆದ್ದಾರಿಯ ಧಾಬಾದ ಹಿಂದೆಯೋ ಇಳಿಸಿ ಬಂದ ನಾಯಿ ಇನ್ನೊಬ್ಬರ ಕೂಸಿನ ಓಣಿ ಸೇರುತ್ತದೆ, ಹಸಿದು, ಹೆದರಿ, ಬಹುಪಾಲು ಲಸಿಕೆಯಿಲ್ಲದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಸಕಾರಣವಿಲ್ಲದೆ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ತಪ್ಪಿಗೆ ದಂಡ 10 ರೂಪಾಯಿಗೆ ಕಡಿಮೆಯಿಲ್ಲದೆ 50 ರೂಪಾಯಿವರೆಗೆ. ಎರಡು ಚಹಾದ ಬೆಲೆಗೆ ಹೆದರಿ ಯಾರೂ ಗಾಡಿ ತಿರುಗಿಸುವುದಿಲ್ಲ. ಹಾಗೆಂದು ಯಾವ ನಾಯಿಯನ್ನೂ ಕೂಸಿನ ಮನೆಯಿಂದ ಕಳಿಸಬಾರದು ಎಂದು ನಾನು ವಾದಿಸುತ್ತಿಲ್ಲ. ಈಗಾಗಲೇ ಎಚ್ಚರಿಕೆ ಕೊಡದೆ ಕಚ್ಚಿದ್ದು, ಕೋಳಿ ಆಡುಮರಿಗಳ ಬೆನ್ನು ಹತ್ತಿ ಕೊಲ್ಲುವ ಚಟ ಬಿದ್ದದ್ದು, ಕೂಸಿನ ಅಳು ಕೇಳಿದರೇ ಬಿಗಿದು ದಿಟ್ಟಿಸುವುದು, ಇಂಥದ್ದನ್ನು ಇಟ್ಟುಕೊಳ್ಳುವುದು ಹಟಮಾರಿತನ. ಆದರೆ ಅದನ್ನು ಮಕ್ಕಳಿಲ್ಲದ, ನಾಯಿಯನ್ನು ಬಲ್ಲ ಮನೆಗೆ, ನಿಜ ಹೇಳಿ ಕೊಡಬೇಕು. ಯಾವ ನಾಯಿ ಅಂಥದ್ದೆಂದು ತಿಳಿಯುವುದಕ್ಕೂ ಆ ಆರೇಳು ತಿಂಗಳೇ ಬೇಕು. ತೊಟ್ಟಿಲು ಬಂದ ದಿನ ತಿಳಿಯುವುದು ತಡವಾಗಿ ತಿಳಿದಂತೆ.

ಕಡಿತದ ಗಾಯ ಒಂದೇ ಅಲ್ಲ, ರೇಬೀಸ್ ಇದೆ. ಅದು ಮನುಷ್ಯರಿಗೆ ತಗಲುವುದು ಶೇ 99ರಷ್ಟು ನಾಯಿಯಿಂದ, ಲಕ್ಷಣ ಕಾಣಿಸಿದ ಮೇಲೆ ಬದುಕುವ ಮಾತಿಲ್ಲ. ಭಾರತದಲ್ಲಿ ವರ್ಷಕ್ಕೆ 5,726 ಜನ ಇದರಿಂದ ಸಾಯುತ್ತಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜು ಮಾಡಿದೆ. ಮನೆಯ ನಾಯಿಗೆ ಲಸಿಕೆಯೇಕೆ ಎಂಬ ಅಸಡ್ಡೆಯೂ ‘ಏನ್ ಮಾಡಂಗಿಲ್ರಿ’ ಎಂಬ ಮಾತಿನ ಮಗುವೇ. ಹಳ್ಳಿಯ ಮನೆನಾಯಿ ರಾತ್ರಿ ಊರೆಲ್ಲ ಸುತ್ತಿ ಬರುತ್ತದೆ, ಬೀದಿಯದರ ಜತೆ ಕಚ್ಚಾಡುತ್ತದೆ, ಬೆಳಿಗ್ಗೆ ಪಡಸಾಲೆಗೆ ಬಂದು ಮಲಗುತ್ತದೆ. ಮನೆಯದು ಬೀದಿಯದು ಎಂಬ ಗೆರೆ ವೈರಾಣುವಿಗೆ ಗೊತ್ತಿಲ್ಲ. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳು ಉಚಿತ ಲಸಿಕೆ ಹಾಕುತ್ತವೆ. ಕುಬಸದ ಪಟ್ಟಿಯಲ್ಲಿ ಸೀರೆ, ಬಳೆಗಳ ಕೆಳಗೆ ಅದನ್ನೂ ಬರೆದುಕೊಳ್ಳಬಹುದು. ಕೂಸಿಗೆ ಪರಚಿದ್ದೇ ಆಗಿರಲಿ, ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಸುಣ್ಣ ಖಾರ ಮುಟ್ಟಿಸದೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಇನ್ನೊಂದು ಮಾತು, ಇದನ್ನು ಸಿದ್ಧತೆ ಮಾಡುವವರೂ ಮರೆಯುತ್ತಾರೆ. ಕೂಸು ಮನೆಗೆ ಬಂದ ವಾರ ಎಲ್ಲರೂ ಮೈಯೆಲ್ಲ ಕಣ್ಣಾಗಿರುತ್ತಾರೆ, ತೊಟ್ಟಿಲು ನೆಲದಿಂದ ಮೇಲಿರುತ್ತದೆ. ನಾಯಿ ಶಾಂತವಾಗಿದ್ದುದನ್ನು ಕಂಡು ಪರೀಕ್ಷೆ ಮುಗಿಯಿತೆಂದುಕೊಳ್ಳುತ್ತಾರೆ. ನಿಜವಾದ ಪರೀಕ್ಷೆ ಎಂಟು ಒಂಬತ್ತನೆಯ ತಿಂಗಳಿಗೆ, ಕೂಸು ಅಂಬೆಗಾಲಿಕ್ಕಿದಾಗ. ಅಲ್ಲಿಯವರೆಗೆ ಅಳುವ ಗಂಟಾಗಿದ್ದದ್ದು ಈಗ ತಾನಾಗಿ ನಾಯಿಯ ಬಳಿ ಬರುತ್ತದೆ, ನಾಯಿಯ ಕಣ್ಣಿನ ಎತ್ತರದಲ್ಲೇ ಮುಖವಿಟ್ಟುಕೊಂಡು. ಅದು ಮೇ ತಿಂಗಳಾಗಿದ್ದರೆ, ರಾಯಚೂರಿನ ನಲವತ್ತೆರಡು ಡಿಗ್ರಿಯ ಮಧ್ಯಾಹ್ನದಲ್ಲಿ ನಾಯಿಗೂ ಕೂಸಿಗೂ ಬೇಕಾದ ತಂಪು ಜಾಗ ಒಂದೇ: ನೀರಿನ ಕೊಡದ ಪಕ್ಕದ ಒದ್ದೆ ನೆಲ. ಆಶಾ ಕಾರ್ಯಕರ್ತೆ ಕೂಸನ್ನು ನೋಡಲು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೆ ಬರಬೇಕೆಂಬ ಕಾರ್ಯಕ್ರಮ ಈಗಾಗಲೇ ಇದೆ. ತೂಕ, ಊಟ, ಲಸಿಕೆ ಕೇಳುವ ಆಕೆ ಒಂಬತ್ತನೆಯ ತಿಂಗಳ ಭೇಟಿಯಲ್ಲಿ ಇನ್ನೆರಡು ಪ್ರಶ್ನೆ ಕೇಳುವಂತಾಗಲಿ: ಮನೆಯಾಗ ನಾಯಿ ಐತೇನು? ಅದಕ್ಕ ರೊಟ್ಟಿ ಎಲ್ಲಿ ಹಾಕ್ತೀರಿ?